ಬೋರ್ಡಿಗೆ ಹಾಕಿದ ಉತ್ತರ

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನನ್ನನ್ನು ಎಲ್ಲರೂ ಬೋರ್ಡ್ ಸಿಸ್ಟರ್ ಎಂದೇ ಕರೆಯುತ್ತಾರೆ. ನಾನು ಅಲ್ಲಿನ ನರ್ಸ್. ನಾನೂರು ಹೆಂಗಸರು ಕೂತು ಹೊಲಿಯುವ ಹಾಲಿನ ಮೂಲೆಯಲ್ಲಿ ನನ್ನ ಕೋಣೆ. ಒಂದು ಮಂಚ, ಒಂದು ಬೀರು, ತೂಕದ ಯಂತ್ರ, ಇಷ್ಟಕ್ಕೇ ಅದು ಭರ್ತಿ. ಬಾಗಿಲ ಪಕ್ಕದ ಗೋಡೆಗೆ ಬೀಗ ಹಾಕಿದ ತಗಡಿನ ಡಬ್ಬಿಯೊಂದಿದೆ. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವ ವಿಷಯಗಳನ್ನು ಹೆಂಗಸರು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಅದರೊಳಗೆ ಬಿಡುತ್ತಾರೆ. ಪ್ರತಿ ಸೋಮವಾರ ನಾನು ಪ್ರಶ್ನೆಯನ್ನೂ ಉತ್ತರವನ್ನೂ ಬರೆದು ಬೋರ್ಡಿಗೆ ಅಂಟಿಸುತ್ತೇನೆ. ಈ ಉಪಾಯ ನನ್ನದೇ. ಆ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಚೀಟಿಗೆಂದು ಯಾರೂ ಹೊಸ ಕಾಗದ ಹುಡುಕುವುದಿಲ್ಲ. ಬಟ್ಟೆಯ ಕಟ್ಟುಗಳಿಗೆ ಕಟ್ಟಿರುವ ಬಂಡಲ್ ಚೀಟಿ ಕೆಲಸ ಮುಗಿದ ಮೇಲೆ ಕಸವೇ ತಾನೆ. ಅದರ ಒಂದು ಬದಿಯಲ್ಲಿ ಅಳತೆ, ಬಣ್ಣ, ನಂಬರು ಅಚ್ಚಾಗಿರುತ್ತದೆ. ಇನ್ನೊಂದು ಬದಿ ಖಾಲಿ. ಪ್ರಶ್ನೆ ಇರುವುದು ಖಾಲಿ ಬದಿಯಲ್ಲಿ. ಅಚ್ಚಿನ ಬದಿಯನ್ನು ನೋಡಿ ನೋಡಿ ನಮಗೆಲ್ಲ ಕಣ್ಣು ಸೋತಿದೆ.

ಎರಡು ತಿಂಗಳ ಹಿಂದಿನ ಒಂದು ಸೋಮವಾರ ಸಿಕ್ಕಿದ ಚೀಟಿಯಲ್ಲಿ ಹೀಗಿತ್ತು: ‘ಮಕ್ಕಳಾಗದ ಹಾಗೆ ಮಾತ್ರೆ ತಗೊಳ್ತೀನಿ. ಮೊನ್ನೆ ಸ್ವಲ್ಪ ಕುಡಿದೆ. ಮಾತ್ರೆ ಕೆಲಸ ಮಾಡಲ್ವಾ?’ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಚೀಟಿಯ ತುಂಬ. ಉತ್ತರ ನನಗೆ ನಾಲಿಗೆಯ ತುದಿಯಲ್ಲೇ ಇತ್ತು. ‘ಕುಡಿದರೆ ಮಾತ್ರೆಯ ಶಕ್ತಿ ಕಡಿಮೆಯಾಗುವುದಿಲ್ಲ. ನಿಶ್ಚಿಂತೆಯಿಂದಿರಿ. ಕೆಡುವುದು ನಿಮ್ಮ ತಲೆ, ಅಷ್ಟೇ!’ ಎಂದು ಬರೆದೆ. ಕೊನೆಯ ಮಾತು ನಗಿಸುವುದಕ್ಕೆಂದೇ ಸೇರಿಸಿದ್ದು.

ಊಟದ ಹೊತ್ತಿಗೆ ಬೋರ್ಡಿನ ಮುಂದೆ ಜಾತ್ರೆ ಸೇರಿತು. ಕುಡಿದವಳು ಯಾರಿರಬಹುದೆಂದು ಎಲ್ಲರದೂ ಒಂದೊಂದು ಊಹೆ. ಗುಂಡಿ ಹೊಲಿಯುವ ಹುಡುಗಿಯೇ ಇರಬೇಕೆಂದು ತೀರ್ಮಾನವಾಗಿ, ಅವಳು ಆಣೆ ಮಾಡಿ ಮಾಡಿ ಸುಸ್ತಾದಳು. ಗುಂಪಿನ ಹಿಂದೆ ನನ್ನ ಅಮ್ಮ ಊಟದ ಡಬ್ಬಿ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುತ್ತಿದ್ದಳು. ಅವಳು ಇಪ್ಪತ್ತು ವರ್ಷದಿಂದ ಕಾಲರ್ ಹೊಲಿಯುವ ಲೈನಿನಲ್ಲಿದ್ದಾಳೆ. ಫ್ಯಾಕ್ಟರಿಯೊಳಗೆ ನನ್ನನ್ನು ಒಮ್ಮೆಯೂ ಮಗಳೆಂದು ಕರೆದವಳಲ್ಲ.

“ಪರವಾಗಿಲ್ಲ ಸಿಸ್ಟರ್, ಚೆನ್ನಾಗಿ ಬರೀತೀರ,” ಎಂದು ನಗುತ್ತಾ ಹೋದಳು.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಅಮ್ಮನೇ ನನ್ನ ಕೋಣೆಗೆ ಬಂದು ಬಾಗಿಲ ಚಿಲಕ ಹಾಕಿದಳು.

“ಸಿಸ್ಟರ್, ಬಸಿರಿನ ಟೆಸ್ಟ್ ಒಂದು ಮಾಡ್ಬೇಕಿತ್ತು.”

“ಯಾರಿಗಮ್ಮ?”

“ನಂಗೆ.”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಐದು ನಿಮಿಷದಲ್ಲಿ ಪಟ್ಟಿಯ ಮೇಲೆ, ಬಸಿರು ನಿಜವೆಂದು, ಎರಡು ಗೆರೆ ಮೂಡಿದವು. ಅಮ್ಮನಿಗೆ ನಲವತ್ತೆರಡು. ನನಗೆ ಇಪ್ಪತ್ಮೂರು. ಹಡಗಿನಲ್ಲಿ ಕೆಲಸ ಮಾಡುವ ಅಪ್ಪ ಮೂರು ವಾರ ರಜೆಗೆ ಬಂದು ಹೋಗಿ ಒಂದೂವರೆ ತಿಂಗಳಾಗಿತ್ತು. ನನ್ನನ್ನು ಹೆರುವಾಗಲೇ ಅಮ್ಮ ಸತ್ತು ಬದುಕಿದವಳು. ಇನ್ನೊಂದು ಬೇಡವೇ ಬೇಡ ಎಂದು ಡಾಕ್ಟರು ಆಗಲೇ ಹೇಳಿದ್ದರು.

“ಒಂದು ದಿನಾನೂ ಮಾತ್ರೆ ಬಿಟ್ಟಿಲ್ಲ ಕಣೇ,” ಎಂದಳು ಅಮ್ಮ. ಸಿಸ್ಟರ್ ಅನ್ನುವುದು ಮರೆತೇಹೋಗಿತ್ತು.

“ಮತ್ತೆ ಹೇಗಮ್ಮ ಆಗುತ್ತೆ?”

“ನಿಮ್ಮಪ್ಪ ಬಾಟ್ಲಿ ತಂದಿದ್ರಲ್ಲ. ನೀನು ನೈಟ್ ಡ್ಯೂಟೀಲಿದ್ದೆ. ನೀನೂ ಒಂಚೂರು ರುಚಿ ನೋಡು ಅಂದ್ರು.”

“ನೀನು ಕುಡಿದ್ಯಾ?” ಕೆಮ್ಮಿನ ಔಷಧಿಗೇ ಮುಖ ಕಿವುಚುವ ಹೆಂಗಸು ಇವಳು.

“ಅದಕ್ಕೇ ಅಲ್ವಾ ಚೀಟಿ ಹಾಕಿದ್ದು. ಎಡಗೈಲಿ ಬರ್ದೆ, ನಿಂಗೆ ಅಕ್ಷರ ಗೊತ್ತಾಗ್ಬಾರ್ದು ಅಂತ. ಏನೂ ಆಗಲ್ಲ ಅಂದ್ಯಲ್ಲ ನೀನು.”

ಆದರೂ ನನ್ನ ಉತ್ತರ ಸರಿಯಾಗಿಯೇ ಇತ್ತು. ಕುಡಿದ ಮಾತ್ರಕ್ಕೆ ಹೀಗಾಗುವುದಿಲ್ಲ. ತಟ್ಟನೆ ಹೊಳೆದು ಕೇಳಿದೆ: “ವಾಂತಿ ಆಗಿತ್ತಾ?”

“ಅಯ್ಯೋ, ಎರಡು ದಿನ! ಮಾತ್ರೆಯ ಹೊಸ ಪಟ್ಟಿ ಶುರು ಮಾಡಿದ್ದೆ. ಎರಡು ದಿನದ್ದೂ ಮಾತ್ರೆ ನುಂಗಿದ ಹಾಗೇ ಆಚೆ ಬಂತು.”

ಹೆದರಿದಾಗ ನನಗೆ ಬರುವುದು ಅಳುವಲ್ಲ, ಸಿಟ್ಟು. “ಅದನ್ನ ಹೇಳ್ಬೇಕು ತಾನೆ! ನುಂಗಿ ಎರಡು ಮೂರು ಗಂಟೆಯೊಳಗೆ ವಾಂತಿ ಆದ್ರೆ ಮಾತ್ರೆ ನುಂಗಿಲ್ಲ ಅಂತಾನೇ ಲೆಕ್ಕ. ತಕ್ಷಣ ಇನ್ನೊಂದು ನುಂಗ್ಬೇಕು. ಅರ್ಧಂಬರ್ಧ ಕೇಳಿದ್ರೆ ನಾನೇನು ಕಣಿ ಹೇಳೋಳಾ?” ಎಂದು ಕೂಗಾಡುತ್ತಲೇ ಬೀರು ತೆಗೆದೆ. ಹಳೆಯ ಚೀಟಿಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿಟ್ಟಿದ್ದೆ. ಅವಳದನ್ನು ಹುಡುಕಿ ಮೇಜಿನ ಮೇಲೆ ಬಡಿದೆ. “ಎಲ್ಲಿದೆ ವಾಂತಿ? ತೋರ್ಸು, ಎಲ್ಲಿ ಬರ್ದಿದೀಯ?”

ಅಮ್ಮ ಚೀಟಿಯನ್ನು ತಿರುಗಿಸಿದಳು.

ಅಳತೆ, ಬಣ್ಣ, ನಂಬರುಗಳ ನಡುವಿನ ಸಂದಿಯಲ್ಲಿ ಪೆನ್ಸಿಲಿನ ಸೊಟ್ಟ ಅಕ್ಷರಗಳಿದ್ದವು. ‘ಎರಡು ದಿನದ ಮಾತ್ರೆ ವಾಂತೀಲಿ ಹೋಯ್ತು. ಇನ್ನೊಂದು ನುಂಗಬೇಕಾ? ದಯವಿಟ್ಟು ಬೇಗ ಹೇಳಿ.’

“ಎಡಗೈ ನೋಡು, ಅಕ್ಷರ ದಪ್ಪ ಬಂತು. ಆ ಕಡೆ ಜಾಗ ಸಾಲ್ಲಿಲ್ಲ,” ಎಂದಳು ಅಮ್ಮ, ತಪ್ಪು ತನ್ನದೇ ಎಂಬಂತೆ.

ಅವಳ ಕಾಲು ಹಿಡಿಯಬೇಕೆನಿಸಿತು. ಅವಳೇ ನನ್ನ ಬೆನ್ನ ಮೇಲೆ ಕೈಯಿಟ್ಟಳು; ಆ ಕೈ ತಣ್ಣಗಿತ್ತು.

“ನಿಶ್ಚಿಂತೆಯಿಂದಿರಿ ಅಂತ ನೀನು ಬರ್ದಿದ್ದೆ. ಎರಡೂ ಕಡೆ ಓದಿಯೇ ಬರ್ದಿದೀಯ ಅಂದ್ಕೊಂಡು ನಿಶ್ಚಿಂತೆಯಿಂದ ಇದ್ದೆ ಕಣೇ.”

ಹೊರಗೆ ಲೈನಿನ ಮೇಲ್ವಿಚಾರಕಿ ಅಮ್ಮನನ್ನು ಕೂಗಿದಳು. ಕಾಲರ್ ಬರದೆ ಮುಂದಿನವರ ಕೆಲಸ ನಿಂತಿತ್ತು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಸಂಜೆ ಲೇಡಿ ಡಾಕ್ಟರ್ ಹತ್ರ ಹೋಗೋಣ. ನೀನೂ ಒಳಗೆ ಬಾ. ನಂಗೆ ಭಯ ಆಗ್ತಿದೆ,” ಎಂದು ಚಿಲಕ ತೆಗೆದು ಹೋದಳು.

ಫೈಲು ಮೇಜಿನ ಮೇಲೆ ತೆರೆದೇ ಇತ್ತು. ಅದರಲ್ಲಿ ಇನ್ನೂ ಇನ್ನೂರು ಚೀಟಿಗಳಿದ್ದವು. ಒಂದನ್ನೂ ನಾನು ತಿರುಗಿಸಿ ನೋಡಿರಲಿಲ್ಲ.