ಕತ್ತು ತಿರುಗಿಸಿದ ಹಸು

ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮುನಿರಾಮಯ್ಯನವರ ಹೆಂಡತಿ ಮುನಿಲಕ್ಷ್ಮಮ್ಮ ನಲವತ್ತೈದನೇ ಇಸವಿಯಲ್ಲಿ ಹೆರಿಗೆಯಾಗುವಾಗ ಕೂಸಿನ ಸಮೇತ ಹೋಗಿಬಿಟ್ಟಳು. ಮೇಷ್ಟ್ರು ಅಳಲಿಲ್ಲ. ಕರ್ಮವೆಲ್ಲ ಮುಗಿಸಿ, ಮಾರನೆಯ ದಿನವೇ ಸ್ಕೂಲಿಗೆ ಹೋಗಿ ಬೋರ್ಡಿನ ಮೇಲೆ ಹೂಜಿ ಬರೆದರು. ಎಂಥ ಕಲ್ಲು ಮನಸ್ಸಪ್ಪಾ ಎಂದು ಊರು ಆಡಿಕೊಂಡಿತು. ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ. ಉಂಡರೆ ಉಪ್ಪು ಖಾರ ಗೊತ್ತಾಗುತ್ತಿರಲಿಲ್ಲ.

ಭಾನುವಾರ ಮನೆಯಲ್ಲಿ ಕೂರಲಾರದೆ ಸೈಕಲ್ ತುಳಿಯುತ್ತಿದ್ದರು. ಹಾಗೆ ಒಂದು ಸಲ ಪಕ್ಕದ ಮಧುರೆ ಹಳ್ಳಿಯ ಆಚೆ, ಗುಡ್ಡದ ಬಂಡೆಯ ಅಡಿಯಲ್ಲಿ ಬಿಸಿಲಿಗೆ ಮರೆಯಾಗಿ ಕೂತಾಗ ಅವು ಕಂಡವು. ಬಂಡೆಯ ಮೈಮೇಲೆ ಕೆಂಪು ಗೆರೆಯಲ್ಲಿ ಬರೆದ ನಾಲ್ಕು ಗೂಳಿ, ಒಂದು ಹಸು, ಅದರ ಕರು. ಯಾವ ಕಾಲದವೋ, ಊರು ಕೇರಿ ಹುಟ್ಟುವುದಕ್ಕೂ ಮುಂಚಿನವು. ಕೊಂಬಿನಿಂದ ಬಾಲದವರೆಗೆ ಒಂದೇ ಗೆರೆ. ಕಣ್ಣಿಲ್ಲ, ನೆರಳಿಲ್ಲ, ಆದರೂ ನಡೆಯುತ್ತಿದ್ದವು. ಇಪ್ಪತ್ತು ವರ್ಷ ಇಂಗ್ಲಿಷ್ ಪುಸ್ತಕ ನೋಡಿಕೊಂಡು, ರೋಮ ರೋಮಕ್ಕೂ ಪೆನ್ಸಿಲ್ ಉಜ್ಜಿ ಮೇಷ್ಟ್ರು ಬರೆದ ದನಗಳೋ, ಪಾಪ, ಗೋಣಿಗೆ ಹುಲ್ಲು ತುಂಬಿದ ಹಾಗಿದ್ದವು.

ಅಲ್ಲಿಂದ ಪ್ರತಿ ಭಾನುವಾರ ಜಾರದಿರಲೆಂದು ಕಾಲಿನ ಮೆಟ್ಟು ಬಿಟ್ಟು, ಎದುರಿನ ಬಂಡೆ ಹತ್ತಿ ಕೂತು, ಒಂದೊಂದೇ ಗೂಳಿಯನ್ನು ಕೈಗೆ ಇಳಿಸಿಕೊಂಡರು. ಮನೆಯಲ್ಲಿ ಅದೇ ರೀತಿ ಕೊಕ್ಕರೆ, ಮೊಲ, ಕೆರೆಯ ಎಮ್ಮೆ ಬರೆದರು. ಒಂದೇ ಗೆರೆಗೆ ಎಮ್ಮೆ ನೀರಿಗಿಳಿಯಿತು. ಕೈಗೇನೋ ಜೀವ ಬಂತು, ಮೇಷ್ಟ್ರಿಗೆ ಬರಲಿಲ್ಲ. ಉಳಿದದ್ದು ಹಸು. ಅದು ಕತ್ತು ತಿರುಗಿಸಿ ಕಾಲ ಬಳಿಯ ಕರುವನ್ನು ನೋಡುತ್ತಿತ್ತು. ಅದರ ಕಡೆ ಕಣ್ಣು ಹೋದರೆ ಎದೆಯೊಳಗೆ ಏನೋ ಕದಲುತ್ತಿತ್ತು. ಅದನ್ನು ಬರೆಯದೆ ತಮ್ಮ ದುಃಖ ತಮಗೆ ಸಿಗುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆ ಭಯಕ್ಕೇ, ಬರುವ ವಾರ, ಬರುವ ವಾರ ಎಂದು ಮುಂದೆ ಹಾಕಿದರು.

ಕಡೆಗೆ ಯುಗಾದಿ ಮುಗಿದ ಭಾನುವಾರ ಧೈರ್ಯ ಮಾಡಿ ಹೋದರು. ಬಂಡೆಯ ಮುಂದೆ ಗುಡ್ಡದ ಕೆಳಗಿನ ಊರವರು ಹತ್ತು ಜನ, ತಮಟೆ, ತೆಂಗಿನಕಾಯಿ. ಬಂಡೆ ಬೆಳ್ಳಗಿತ್ತು, ಅಂಚಿಗೆ ಕೆಮ್ಮಣ್ಣಿನ ಪಟ್ಟೆ. ಓದಿದ ಮೇಷ್ಟ್ರು ಮೆಟ್ಟು ಬಿಟ್ಟು ಮಾತಿಲ್ಲದೆ ವರ್ಷವೆಲ್ಲ ಕೂರುವ ಜಾಗದಲ್ಲಿ ದೇವರಿಲ್ಲದೆ ಇರುತ್ತಾನೆಯೇ? ಊರು ಮಾತಾಡಿಕೊಂಡು ಪೂಜೆಗೆ ಅಣಿಮಾಡಿಬಿಟ್ಟಿತ್ತು.

“ಕೆಂಪಗೆ ಕೊಳೆ ಹತ್ಕೊಂಡಿತ್ತು ಮೇಷ್ಟ್ರೇ. ನಾರಲ್ಲಿ ಉಜ್ಜಿ ಉಜ್ಜಿ, ಮೂರು ಸಲ ಸುಣ್ಣ ಬಳ್ದಿದ್ದೀವಿ,” ಎಂದ ಊರಿನ ಯಜಮಾನ ಬೈಲಪ್ಪ, ಹೆಮ್ಮೆಯಿಂದ.

ಮೇಷ್ಟ್ರಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ. ಮೇಷ್ಟ್ರು ತಮ್ಮ ಕೈಯಿಂದಲೇ ಒಂದು ಬಸವಣ್ಣ ಬರೆದುಕೊಡಬೇಕೆಂದು ಎಲ್ಲರೂ ಕೇಳಿಕೊಂಡರು. ಕದಿರಮ್ಮ ಎಂಬ ಮುದುಕಿ ಕೆಮ್ಮಣ್ಣಿನ ಕುಡಿಕೆ ತಂದು ಮುಂದಿಟ್ಟಳು. ಮೇಷ್ಟ್ರು ಬೆರಳು ಅದ್ದಿದರು. ಗೂಳಿ ಬರೆದಿದ್ದರೆ ಸಲೀಸಾಗಿ ಬರುತ್ತಿತ್ತು. ಬರೆದದ್ದು ಹಸು. ಬೆನ್ನು ಬಂತು, ಕಾಲು ಬಂತು, ಕರುವೂ ಬಂತು. ಕತ್ತು ಎಷ್ಟು ತಿರುಗಿತ್ತು? ಕರುವನ್ನು ಮುಟ್ಟುವಷ್ಟೋ, ಬರೀ ನೋಡುವಷ್ಟೋ? ಒಂದು ಸಲವಾದರೂ ನೆಟ್ಟ ಕಣ್ಣಿಂದ ನೋಡಿದ್ದರೆ ತಾನೇ. ಅಂದಾಜಿನ ಮೇಲೆ ಎಳೆದರು. ಜನ ಭೇಷ್ ಅಂದರು.

“ಇಲ್ಲಿದ್ದ ಹಸು ಹಿಂಗೇ ಇತ್ತೇನು ಬೈಲಪ್ಪನೋರೇ?”

“ಇಲ್ಲಿ ಯಾವ ಹಸು ಇತ್ತು ಮೇಷ್ಟ್ರೇ?”

ಕಡೇ ಸಲ ಮುಖ ನೋಡಿಕೊಳ್ಳಿ ಎಂದು ಹೆಂಡತಿಯ ಗುಂಡಿಯ ಹತ್ತಿರ ಕರೆದಾಗಲೂ ಮೇಷ್ಟ್ರು ನೋಡಿರಲಿಲ್ಲ. ಈಗ ಕೆಮ್ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು, ಕುಸಿದು ಕೂತು, ಗೊಳೋ ಎಂದು ಅತ್ತರು. ಮೈಮೇಲೆ ದೇವರು ಬಂತೆಂದು ಕದಿರಮ್ಮ ಕರ್ಪೂರ ಹಚ್ಚಿದಳು.