ಪಿನ್ನಿನ ಕಲಾಯಿ

ಕೆನ್ನೆಗೆ ಬಿದ್ದ ಏಟಿಗೆ ಕರೆಂಟಿನ ಮಿಸ್ತ್ರಿ ಸೂರಜ ಹಲ್ಲಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ಹಾರಿ, ಕುದಿಯುವ ಬೆಲ್ಲದ ಕೊಪ್ಪರಿಗೆಗೆ ಬಿತ್ತು. ಬೆಳಗಿನಿಂದ ಕಬ್ಬಿನ ಗಾಣ ಮತ್ತೆ ಮತ್ತೆ ನಿಲ್ಲುತ್ತಿತ್ತು. ಈಗಲೂ ನಿಂತಿತ್ತು.

"ಇನ್ನೊಮ್ಮಿ ಹೇಳಲೇ, ಏನ್ ಹೋಗೇತಿ?" ಎಂದ ಗಾಣದ ಮಾಲೀಕ ಶಿವಪುತ್ರ.

"ಕಲಾಯಿರಿ, ಕಾಕಾ. ಪ್ಲಗ್ಗಿನ ಪಿನ್ನಿಗೆ ತವರದ ಕಲಾಯಿ ಇರ್ತೈತಿ. ನೀವು ಬೋರ್ಡ್ ತಂದು ಒಲಿ ಬಾಜೂ ಹೊಡಿಸೀರಿ. ಕಾವಿಗೆ ಕಲಾಯಿ ಮೆತ್ತಗಾಗಿ, ಗಾಣ ನಡುಗಿದಂಗ ತಿಕ್ಕಿ ತಿಕ್ಕಿ ಸವದೈತಿ. ಕಾದಾಗ ಕರೆಂಟ್ ಬಿಡ್ತೈತಿ, ಆರಿದಾಗ ಮತ್ತ ಹಿಡೀತೈತಿ. ಯಾರದರ ಕೈ ಹೋದೀತ್ರಿ!"

"ಕಾದಾಗ ಬಿಡ್ತೈತ್ರಿ, ಆರಿದಾಗ ಹಿಡೀತೈತ್ರಿ..." ಶಿವಪುತ್ರ ಅವನದೇ ಕೀರಲು ದನಿ ತೆಗೆದು ಅಣಕಿಸಿದ. "ಪಿನ್ನೋ, ನನ್ನ ಅಳಿಯನೋ? ಕಲಾಯಿ ಹೋಗಾಕ ಅದೇನ್ ನಮ್ಮವ್ವನ ಹಂಡೇನಲೇ? ಹೋದ ವಾರ ನೀನ ಹೊಸಾದು ಹಾಕಿದ್ದಿ!"

ಒಲೆಗೆ ಕಬ್ಬಿನ ಒಣ ರವದಿ ತುಂಬುತ್ತಿದ್ದವರು ನಕ್ಕರು. ನಗು ಮುಗಿಯುವುದರೊಳಗೆ ಸೂರಜನ ಹೊಟ್ಟೆಗೆ ಗುದ್ದು ಬಿತ್ತು.

"ಮೊದಲ ಪ್ಲಗ್ ಕೀಳ್ತೀನ್ರಿ..."

"ಮುಟ್ಟಿದಿ ಅಂದ್ರ ಕೈ ಮುರೀತೀನಿ. ಮೂಡಲಗಿಯಿಂದ ಬ್ಯಾರೇ ಮಿಸ್ತ್ರಿ ಬರಾಕತ್ತಾನ. ನಿನ್ನ ಹರಾಮಿ ಕೆಲಸ ಅವಗ ಇದ್ದಂಗ ತೋರಸ್ತೀನಿ." ಶಿವಪುತ್ರ ಅವನ ಕುತ್ತಿಗೆಯನ್ನು ಕಂಕುಳಲ್ಲಿ ಅಮುಕಿದ.

ಆ ಸಂದಿಯಿಂದ ಸೂರಜನಿಗೆ ಗಾಣ ಕಂಡಿತು. ಕರೆಂಟು ಬಂದೊಡನೆ ತಾನೇ ಚಾಲೂ ಆಗಲೆಂದು, ಕಲ್ಲೋಳಿ ಸುತ್ತಲಿನ ಗಾಣಗಳಲ್ಲೆಲ್ಲ ಮಾಡುವ ಹಾಗೆ, ಸ್ಟಾರ್ಟರಿನ ಗುಂಡಿಗೆ ಕಬ್ಬಿನ ಸಿಬಿರು ಸಿಗಿಸಿದ್ದರು. ಕಬ್ಬು ಹಾಕುವ ಕಾಡವ್ವ, ಸಿಕ್ಕಿಕೊಂಡ ಜಲ್ಲೆಯನ್ನು ಕೀಳಲು ಉರುಳೆಗಳ ನಡುವೆ ಕೈ ಇಟ್ಟಿದ್ದಳು. ಪಿನ್ನು ಆರುತ್ತಿತ್ತು.

"ಕಾಡವ್ವಾ, ಕೈ ತಗೀಬೇ!"

"ನಾಟಕ ಮಾಡ್ತೀ?" ಹಿಡಿತ ಇನ್ನೂ ಬಿಗಿಯಾಯಿತು.

ಸೂರಜ ಕೈಯಲ್ಲಿದ್ದ ತಂತಿ ಕತ್ತರಿಸುವ ಪಕ್ಕಡ್ ಬೀಸಿ ಅವನ ಮುಖಕ್ಕೆ ಹೊಡೆದ. ಮೂಗಿನ ಎಲುಬು ಲಟಕ್ಕೆಂದಿತು. ಇನ್ನೊಂದು ಏಟಿಗೆ ಹಿಡಿತ ಸಡಿಲಿತು. ಅಷ್ಟರಲ್ಲಿ ಮೋಟಾರು ಗುಂಯ್ ಎಂದಿತು. ಕಾಡವ್ವ ಚೀರಿದಳು. ಸೂರಜ ಪ್ಲಗ್ಗಿಗೆ ಜೋತುಬಿದ್ದು ಜಗ್ಗಿ ಕಿತ್ತ. ಹಾರಿದ ಕಿಡಿಗೆ ಹುಬ್ಬು ಸುಟ್ಟಿತು.

"ಚಕ್ರ ಹಿಂದಕ್ಕ ತಿರುವ್ರಿ, ಕಾಕಾ!"

ಬಾಯಿತುಂಬ ರಕ್ತ ತುಂಬಿಕೊಂಡ ಶಿವಪುತ್ರ ಓಡಿಬಂದು ಅವನ ಪಕ್ಕದಲ್ಲೇ ಹೆಗಲು ಕೊಟ್ಟ. ಇಬ್ಬರೂ ಮುಲುಗುತ್ತ ನೂಕಿದರು. ಕೈ ಹೊರಬಂತು. ನಡುವಿನ ಎರಡು ಬೆರಳು ಕಬ್ಬಿನ ಸಿಪ್ಪೆಯಂತಾಗಿದ್ದವು. ಕಾಡವ್ವ ಅಳಲಿಲ್ಲ, ಬೇರೆ ಯಾರದೋ ಕೈ ನೋಡುವವಳಂತೆ ನೋಡುತ್ತ ನಿಂತಳು.

ಕೆಳಗಿನ ತೊಟ್ಟಿಯಲ್ಲಿ, ಜಗ್ಗಾಟದಲ್ಲಿ ಒಡೆದು ಕಬ್ಬಿನ ಹಾಲಿನ ನೊರೆಯ ಮೇಲೆ ಬಿದ್ದಿದ್ದ ಅವಳ ಹಸಿರು ಬಳೆಚೂರುಗಳು ಒಂದೊಂದಾಗಿ ಮುಳುಗುತ್ತಿದ್ದವು.