ಹನ್ನೊಂದು ಗಂಟೆಯ ಜಳಕ

ನಾನು ಒಂದು ಗೀಸರ್. ಹದಿನೈದು ಲೀಟರಿನ ಹೊಟ್ಟೆ, ಮೂತಿಯ ಮೇಲೊಂದು ಕೆಂಪು ದೀಪ. ಕಾರ್ಖಾನೆಯಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಧಾರವಾಡಕ್ಕೆ ಬಂದೆ. ನಿವೃತ್ತ ಡ್ರಿಲ್ ಮಾಸ್ತರ ಗುರುಪಾದಪ್ಪನವರು ನನ್ನನ್ನು ಬಚ್ಚಲುಮನೆಯ ಗೋಡೆಗೆ ನೇತುಹಾಕಿದರು. ಅಲ್ಲಿಂದ ನನಗೆ ಅವರ ಬೋಳುತಲೆಯೂ ಕಿಟಕಿಯಾಚೆಯ ಓಣಿಯೂ ಕಾಣುತ್ತಿದ್ದವು.

ಓಣಿಯಲ್ಲಿ ಒಂಬತ್ತು ಮನೆ, ಒಂಬತ್ತು ಗೀಸರ್. ಬೆಳಿಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೇ ಚಾಲೂ ಆಗುತ್ತಿದ್ದೆವು. ಕಂಬದ ಫ್ಯೂಸು ಢಬ್ಬೆಂದು ಹಾರುತ್ತಿತ್ತು. ಎದುರುಮನೆಯ ಸಕ್ಕೂಬಾಯಿಯವರು ಆಕ್ಸಿಜನ್ ಯಂತ್ರದ ಆಸರೆಯಲ್ಲಿ ಉಸಿರಾಡುವವರು. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು.

ಲೈನ್‌ಮನ್ ಒಂದು ದಿನ ಕಂಬದ ಮೇಲಿಂದಲೇ ರೇಗಿದ. "ಎಲ್ಲಾರೂ ಒಮ್ಮೆಲೇ ಹಚ್ಚಿದ್ರ ಹೆಂಗ್ರೀ? ನಿಮ್ಮ ಜಳಕಕ್ಕ ಎಲ್ಲೋ ಕಲ್ಲಿದ್ದಲು ಹೆಚ್ಚಿಗಿ ಸುಡಬೇಕು. ಹೊತ್ತೇರಿದ ಮ್ಯಾಲ ಬಿಸಿಲಿನ ಕರೆಂಟು ಬೇಕಾದಷ್ಟು ಇರತೈತಿ!"

ಮಾಸ್ತರರು ಎದೆಯುಬ್ಬಿಸಿ ಎಲ್ಲ ಮನೆಗೂ ಜಳಕದ ವೇಳಾಪಟ್ಟಿ ಹಂಚಿದರು. ಮಾದರಿಯಾಗಲೆಂದು ತಮ್ಮ ಮನೆಗೆ ಹನ್ನೊಂದು ಗಂಟೆ ಬರೆದುಕೊಂಡರು.

ಹೆಂಡತಿ ಗಂಗವ್ವ ತಣ್ಣಗೆ ಹೇಳಿದರು: "ಇಬ್ಬರದೂ ಜಳಕಾ ಆಗದ ನಾ ಒಲಿ ಮುಟ್ಟಂಗಿಲ್ಲ. ಚಾ ಹನ್ನೊಂದರ ಮ್ಯಾಲನ ನೋಡ್ರಿ."

ಮೂರು ದಿನ ಮಾಸ್ತರರು ಚಹಾ ಇಲ್ಲದೆ ತಳ್ಳಿದರು. ನಾಲ್ಕನೆಯ ದಿನ ಆರಕ್ಕೆ ಕಳ್ಳಹೆಜ್ಜೆಯಲ್ಲಿ ಬಂದು ನನ್ನ ಸ್ವಿಚ್ಚು ಒತ್ತಿದರು. "ಒಬ್ಬನಿಂದ ಏನಾಗತೈತಿ?" ಎಂದು ಗೊಣಗುತ್ತ ಸ್ವಲ್ಪ ಹೊತ್ತು ಕಾದು, ಮೈಗೆಲ್ಲ ಸೋಪು ಹಚ್ಚಿಕೊಂಡರು.

ಢಬ್!

ಎದುರುಮನೆಯಿಂದ ಸಕ್ಕೂಬಾಯಿಯವರ ಸೊಸೆ ಕೂಗಿಕೊಂಡಳು. ಮಾಸ್ತರರು ಟವೆಲು ಸುತ್ತಿಕೊಂಡು, ನೊರೆ ಸುರಿಸುತ್ತ ಓಡಿದರು. ಓಣಿಯಲ್ಲಿ ಆಗಲೇ ನೊರೆ ಮೆತ್ತಿಕೊಂಡ ಇನ್ನೂ ಐವರು ಗಂಡಸರು ಓಡುತ್ತಿದ್ದರು! ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜಾರುವ ಕೈಗಳಿಂದಲೇ ಸಕ್ಕೂಬಾಯಿಯವರ ಹಿತ್ತಲಲ್ಲಿದ್ದ ಭಾರದ ಆಕ್ಸಿಜನ್ ಸಿಲಿಂಡರ್ ಎತ್ತಿ ತಂದು ಜೋಡಿಸಿದರು. ನನ್ನ ನೀರು ನನ್ನೊಳಗೇ ತಣ್ಣಗಾಯಿತು.

"ತಪ್ಪು ನಂದೈತಿ," ಎಂದರು ಮಾಸ್ತರರು.

ಸಕ್ಕೂಬಾಯಿ ಉಸಿರು ಸುಧಾರಿಸಿಕೊಂಡು ಆರೂ ಜನರನ್ನು ನೋಡಿದರು. "ಮೊದಲ ಮೈ ತೊಳಕೊಂಡು ಬರ್ರೆಪಾ. ಆ ಪಟ್ಟಿ ಇನ್ನ ನನ್ನ ಕೈಯಾಗ ಇರಲಿ."

ಮರುದಿನದಿಂದ ಅವರು ಕಿಟಕಿಯಲ್ಲಿ ಕುಳಿತು ಒಬ್ಬೊಬ್ಬರ ಹೆಸರು ಹಿಡಿದು ಕರೆದರು. ಯಾರೂ ಸರದಿ ತಪ್ಪಿಸಲಿಲ್ಲ. ಫ್ಯೂಸು ಮತ್ತೆ ಹಾರಲಿಲ್ಲ.

ವರ್ಷಗಳ ಮೇಲೆ ಆ ಮನೆಗೆ ಸೋಲಾರ್ ಬಂತು. ನಾನೀಗ ಗುಜರಿ ಅಂಗಡಿಯಲ್ಲಿ ಹಳೆ ಫ್ಯಾನುಗಳ ನಡುವೆ ಮಲಗಿದ್ದೇನೆ. ನೀರು ಕಾಯಲು ಹತ್ತು ನಿಮಿಷ ಸಾಕಿತ್ತು. ಮನುಷ್ಯರು ಕಾಯಲು ಕಲಿತದ್ದಕ್ಕೆ ಒಬ್ಬ ಮುದುಕಿಯ ಉಸಿರು ಕಟ್ಟಬೇಕಾಯಿತು.